ಮಳೆ ರಜೆಗೆ ಅಡುಗೆಮನೆಯ ಬಣ್ಣದಾಟ

ಜೋರು ಮಳೆ, ನಾಳೆ ಶಾಲೆಗೆ ರಜೆ ಎಂದು ಜಿಲ್ಲಾಧಿಕಾರಿಗಳು ಸಾರಿದರೆ ಕಾಸರಗೋಡಿನ ಮಕ್ಕಳಿಗೆ ಹಬ್ಬ, ಮನೆಯ ದೊಡ್ಡವರಿಗೆ ತಲೆಬಿಸಿ. ಅಂಗಳಕ್ಕೆ ಇಳಿಯುವ ಹಾಗಿಲ್ಲ. ಹೊತ್ತು ಹೋಗಬೇಕಲ್ವಾ? ಸುಮ್ನೆ ಅಡುಗೆಮನೆಗೇ ಕರೆಯಿರಿ. ನಾಲ್ಕರಿಂದ ಏಳು ವರ್ಷದವರಿಗೆ ಹೇಳಿ ಮಾಡಿಸಿದ ಆಟಗಳಿವು. ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೆಂದರೆ ಒಂದು ಸಣ್ಣ ಪ್ಯಾಕೆಟ್ ಸೋಡಾ ಪುಡಿ. ಇಲ್ಲಿನ ಅಂಗಡಿಯಲ್ಲಿ ಅಪ್ಪಕ್ಕಾರ ಎಂದರೂ ಅದನ್ನೇ ಕೊಡುತ್ತಾರೆ. ಬಟ್ಟೆ ಒಗೆಯುವ ಸೋಡಾ ಬೇಡ.

ಮೊದಲು ಅರಿಶಿನದ ಕಾಗದ. ಒಂದು ಚಮಚ ಅರಿಶಿನ ಪುಡಿಯನ್ನು ಎರಡು ಮೂರು ಚಮಚ ನೀರಲ್ಲಿ ಕಲಸಿ. ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆಯ ಮೇಲೆ ಮಗುವೇ ಹತ್ತಿಯಿಂದ ತೆಳ್ಳಗೆ ಬಳಿಯಲಿ. ಆಮೇಲೆ ಫ್ಯಾನಿನ ಕೆಳಗಿಡಿ. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಹಾಗಾಗಿ ಬೆಳಗ್ಗಿನ ತಿಂಡಿ ಮುಗಿದ ಕೂಡಲೇ ಬಳಿದಿಡುವುದು ಒಳ್ಳೆಯದು. ಮೈಮೇಲೆ ಹಳೆ ಅಂಗಿಯೇ ಇರಲಿ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ ನಿಜ, ಆದರೆ ಆಟಿ ತಿಂಗಳ ಮಳೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು?

ಬಟ್ಟೆ ಸೋಪಿನ ಚೂರನ್ನು ನೀರಲ್ಲಿ ಕದಡಿ. ಹೊಸ ಹಿಡಿಸೂಡಿಯ ಕಡ್ಡಿಗೆ ಹತ್ತಿ ಸುತ್ತಿ ಕೈಗೆ ಕೊಡಿ. ಒಣಗಿದ ಹಾಳೆಯ ಮೇಲೆ ಮೀನೋ ಆನೆಯೋ, ಬೇಕಾದ್ದನ್ನು ಬರೆಯಲಿ. ಸೋಪುನೀರು ತಾಗಿದಲ್ಲೆಲ್ಲ ಹಳದಿ ಹೋಗಿ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ಲಿಂಬೆಹಣ್ಣಿನದೋ ಬಿಂಬುಳಿ ಎಂಬ ಹುಳಿಕಾಯಿಯದೋ ರಸ ಸವರಿದರೆ ಮತ್ತೆ ಹಳದಿ. ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿದರೆ ಕೆಲವೊಮ್ಮೆ ಕೆಂಪು ಬರುವುದೇ ಇಲ್ಲ. ಎಲ್ಲ ಲಿಕ್ವಿಡ್‌ನಲ್ಲೂ ಬಟ್ಟೆ ಸೋಪಿನಷ್ಟು ಕ್ಷಾರ ಇರುವುದಿಲ್ಲ.

ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್. ಹುಳಿಯಲ್ಲಿ ಅದು ಹಳದಿಯಾಗಿಯೇ ಇರುತ್ತದೆ, ಕ್ಷಾರ ತಾಗಿದರೆ ಕೆಂಪಾಗುತ್ತದೆ. ಮದುವೆಯ ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡುವುದೂ ಇದೇ ಲೆಕ್ಕ. ಹಾಗೆಂದು ಅಜ್ಜಿಯ ಎಲೆಪೆಟ್ಟಿಗೆಯ ಸುಣ್ಣ ಮಕ್ಕಳ ಕೈಗೆ ಸಿಗಬಾರದು. ಕಣ್ಣಿಗೆ ಹೋದರೆ ಸುಡುತ್ತದೆ.

ಎರಡನೆಯದಕ್ಕೆ ಕೆಂಪು ದಾಸವಾಳ ಬೇಕು. ಎರಡು ಹೂವಿನ ಎಸಳು ಕಿತ್ತು ಒಂದು ಲೋಟ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ. ಬಿಸಿನೀರಿನ ಕೆಲಸ ನಿಮ್ಮದು. ತಣಿದ ಮೇಲೆ ಸೋಸಿ ಮೂರು ಗಾಜಿನ ಲೋಟಕ್ಕೆ ಹಂಚಿ. ಒಂದನ್ನು ಹಾಗೇ ಬಿಡಿ, ಇನ್ನೊಂದಕ್ಕೆ ಲಿಂಬೆರಸ, ಮತ್ತೊಂದಕ್ಕೆ ಚಿಟಿಕೆ ಸೋಡಾ ಪುಡಿ. ಹಾಕುವ ಮೊದಲು "ಯಾವ ಬಣ್ಣ ಬರಬಹುದು ಹೇಳು?" ಎಂದು ಕೇಳಿ. ನನ್ನ ಪ್ರಕಾರ ಈ ಪ್ರಶ್ನೆಯಲ್ಲೇ ಆಟದ ಅರ್ಧ ಮಜಾ ಇದೆ. ಉತ್ತರ ತಪ್ಪಾದರೆ ತಿದ್ದಲು ಹೋಗಬೇಡಿ, ಲೋಟವೇ ಹೇಳುತ್ತದೆ. ಲಿಂಬೆಗೆ ಹೊಳೆಯುವ ಕೆಂಪು, ಸೋಡಾಕ್ಕೆ ಹಸಿರು ಛಾಯೆ. ಬೇಲಿಯಲ್ಲಿ ನೀಲಿ ಶಂಖಪುಷ್ಪ ಇದ್ದರೆ ಅದನ್ನೂ ನೋಡಿ. ಹುಳಿಗೆ ಅದು ನೇರಳೆಯಾಗುತ್ತದೆ.

ಕೊನೆಗೆ ನೊರೆ. ಮಕ್ಕಳು ಇದನ್ನು ಸಾಕು ಎನ್ನುವುದೇ ಇಲ್ಲ. ಮರದಡಿ ಬಿದ್ದು ಕೊಳೆಯುವ ಬಿಂಬುಳಿ ಯಾರಿಗೂ ಬೇಡ, ಅದನ್ನೇ ಜಜ್ಜಿ ರಸ ಹಿಂಡಿ. ತಟ್ಟೆಯಲ್ಲಿ ಲೋಟ ಇಟ್ಟು ಒಂದು ಚಮಚ ಸೋಡಾ ಪುಡಿ ಹಾಕಿ, ರಸ ಸುರಿಯಲಿ. ಬುರಬುರನೆ ಉಕ್ಕುತ್ತದೆ. ಹುಳಿಯೂ ಸೋಡಾವೂ ಸೇರಿ ಬಿಡುವ ಇಂಗಾಲದ ಡೈಆಕ್ಸೈಡ್ ಅದು, ಗೋಲಿ ಸೋಡಾದಲ್ಲಿರುವ ಅದೇ ಗ್ಯಾಸ್. ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿದ ನೀರನ್ನು ಸುರಿದರೆ ನೊರೆಯ ಜೊತೆಗೆ ಕೆಂಪು ಬಣ್ಣವೂ ಬದಲಾಗುತ್ತದೆ, ಒಂದೇ ಲೋಟದಲ್ಲಿ ಎರಡು ಆಟ. ಬಾಟಲಿಯಲ್ಲಿ ಮಾಡಿದರೆ ಮುಚ್ಚಳ ಮಾತ್ರ ಹಾಕಬೇಡಿ, ಗ್ಯಾಸ್ ತುಂಬಿ ಸಿಡಿದೀತು. ಆಡಿದ ನೀರನ್ನು ಯಾರೂ ಕುಡಿಯದ ಹಾಗೆ ಆಗಲೇ ಚೆಲ್ಲಿಬಿಡಿ. ಹುಳಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜುವ ಮೊದಲು ತೊಳೆಸಿ.