ಕರಡು ಮಸೂದೆಗೆ ಆಕ್ಷೇಪಣೆ ಬರೆಯುವಾಗ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಮೊದಲ ಸಲದ ಅಪರಾಧಕ್ಕೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಬೀದಿ ಪ್ರಾಣಿಗಳ ರಕ್ಷಣೆಗೆ ಓಡಾಡುವ ನಾವು ಠಾಣೆಯಲ್ಲಿ ದೂರು ಕೊಡುವಾಗಲೆಲ್ಲ ಈ ಮೊತ್ತದ ಮುಂದೆ ತಲೆತಗ್ಗಿಸಿದ್ದೇವೆ. ಹಾಗಾಗಿ 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಕಾಯ್ದೆಯ ತಿದ್ದುಪಡಿ ಕರಡನ್ನು ಪ್ರಕಟಿಸಿ, ಡಿಸೆಂಬರ್ 7ರೊಳಗೆ ಅಭಿಪ್ರಾಯ ಕೇಳಿದಾಗ ಉಳಿದ ಕೆಲಸ ಬದಿಗಿಟ್ಟು ಕುಳಿತೆ.

ಹಳೆಯ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ನಾನು ಮೊದಲು ನೋಡುವುದು ವ್ಯಾಖ್ಯಾನಗಳನ್ನು. ಶಿಕ್ಷೆ ಎಷ್ಟೇ ಹೆಚ್ಚಿದ್ದರೂ ವ್ಯಾಖ್ಯಾನದ ಹೊರಗೆ ಉಳಿದ ಪ್ರಾಣಿಗೆ ಅದರಿಂದ ಪ್ರಯೋಜನವಿಲ್ಲ. ಘೋರ ಕ್ರೌರ್ಯ ಎಂಬ ಹೊಸ ಅಪರಾಧವನ್ನು ಆ ಕರಡು ಜೀವನಪರ್ಯಂತದ ಅಂಗವೈಕಲ್ಯಕ್ಕೆ ಅಥವಾ ಸಾವಿಗೆ ಕಾರಣವಾಗಬಹುದಾದ ತೀವ್ರ ನೋವಿಗೆ ಕಟ್ಟಿಹಾಕಿತ್ತು. ಬಿಸಿ ಎಣ್ಣೆ ಬಿದ್ದು ಬೆನ್ನು ಸುಟ್ಟ ನಾಯಿ ದೀರ್ಘ ಆರೈಕೆಯ ನಂತರ ವಾಸಿಯಾದರೆ? ಆರೋಪಿಯ ವಕೀಲರು ಅಲ್ಲೇ ಬಿರುಕು ಹುಡುಕುತ್ತಾರೆ. ಆದ್ದರಿಂದ ಕಲಮಿನ ಸಂಖ್ಯೆ, ಅದರ ಲೋಪ, ಅದರ ಜಾಗದಲ್ಲಿ ಇರಬೇಕಾದ ಪೂರ್ಣ ವಾಕ್ಯ, ಜೊತೆಗೆ ಪಶುವೈದ್ಯರ ಚಿಕಿತ್ಸಾ ದಾಖಲೆ, ಇಷ್ಟನ್ನೂ ಇಟ್ಟು ಬರೆದೆ. ಬದಲಿ ವಾಕ್ಯವನ್ನು ನಾವೇ ಬರೆದುಕೊಡುವುದು ಬಹಳ ಮುಖ್ಯ ಎಂದು ನಂಬಿದ್ದೇನೆ. ಕರಡು ತಿದ್ದುವ ಅಧಿಕಾರಿಯ ಕೈಗೆ ಸಿದ್ಧವಾದದ್ದೊಂದು ಸಿಗಬೇಕು.

ಒಂದೇ ಒಕ್ಕಣೆಯ ಪತ್ರವನ್ನು ನೂರಾರು ಜನರಿಂದ ಕಳುಹಿಸುವ ಪದ್ಧತಿಯೂ ಇದೆ. ಜನರ ಕಾಳಜಿ ಎಷ್ಟೆಂದು ಅದು ತೋರಿಸುತ್ತದೆ, ಆದರೆ ಹೊಸ ಮಾಹಿತಿ ಕೊಡುವುದಿಲ್ಲ. ನಾನು ಆಂಬುಲೆನ್ಸ್ ಚಾಲಕರ ಬಳಿ, ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುವ ತಾಯಂದಿರ ಬಳಿ ಹೋಗಿ ಕೂರುತ್ತೇನೆ. “ನನಗೆ ಕಾನೂನು ಏನು ಗೊತ್ತಮ್ಮ?” ಎನ್ನುತ್ತಾರೆ. “ಕಾನೂನು ಬೇಡಮ್ಮ, ನೀವು ಕಣ್ಣಾರೆ ಕಂಡದ್ದನ್ನು ಹೇಳಿ” ಎಂದರೆ ಮಾತು ತಾನಾಗಿ ಹರಿಯುತ್ತದೆ. ಬರೆದುಕೊಂಡು, ಓದಿ ಹೇಳಿ, ಅವರ ಹೆಸರಿನಲ್ಲೇ ಕಳುಹಿಸುತ್ತೇನೆ.

ಅಂಕಿಗಳನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕು. ಮೊಟ್ಟೆ ಕೋಳಿಗಳ ಬಗೆಗಿನ 2019ರ ಕರಡು ನಿಯಮಗಳು ಒಂದು ಕೋಳಿಗೆ ಸೂಚಿಸಿದ ಜಾಗ 550 ಚದರ ಸೆಂಟಿಮೀಟರ್. ಎ4 ಹಾಳೆಯ ವಿಸ್ತೀರ್ಣ ಸುಮಾರು 624. ಆಕ್ಷೇಪಣೆ ಬರೆಯುವ ಹಾಳೆಯೇ ಆ ಕೋಳಿಯ ಇಡೀ ಬದುಕಿನ ನೆಲಕ್ಕಿಂತ ದೊಡ್ಡದು!

ಸಮಯದ ಪ್ರಶ್ನೆಯನ್ನು ಬಿಡಬಾರದು. 2023ರ ಜೂನ್‌ನಲ್ಲಿ ಜಾನುವಾರು ಆಮದು ಮತ್ತು ರಫ್ತು ಮಸೂದೆಯ ಕರಡು ಬಂತು. 1898ರ ಕಾಯ್ದೆಯ ಸ್ಥಾನಕ್ಕೆ ಬರಬೇಕಿದ್ದ ಇದು ಜೀವಂತ ಪ್ರಾಣಿಗಳ ರಫ್ತಿಗೆ ದಾರಿ ಮಾಡುತ್ತಿತ್ತು. ನಾಯಿ, ಬೆಕ್ಕುಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅಭಿಪ್ರಾಯಕ್ಕೆ ಕೊಟ್ಟದ್ದು 10 ದಿನ. ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು ಎನ್ನುತ್ತದೆ ಸರ್ಕಾರದ್ದೇ 2014ರ ಶಾಸನಪೂರ್ವ ಸಮಾಲೋಚನಾ ನೀತಿ. ನನ್ನ ಪತ್ರದ ಮೊದಲ ಅಂಶವೇ ಅದು. ದೇಶದ ಎಲ್ಲೆಡೆಯಿಂದ ವಿರೋಧ ಬಂತು. ಅದೇ ತಿಂಗಳು ಕರಡನ್ನು ಹಿಂಪಡೆದ ಇಲಾಖೆ, ಅದನ್ನು ಅರಿಯಲು ಸಾಕಷ್ಟು ಸಮಯ ಬೇಕು, ವಿಸ್ತೃತ ಸಮಾಲೋಚನೆ ನಡೆಯಬೇಕು ಎಂದು ತಾನೇ ತಿಳಿಸಿತು.

ಕಳುಹಿಸಿದ ಪ್ರತಿ ಪತ್ರದ ನಕಲು, ಇಮೇಲ್‌ನ ಸ್ವೀಕೃತಿ, ಸ್ಪೀಡ್ ಪೋಸ್ಟ್ ರಸೀದಿ ನನ್ನ ಕಡತದಲ್ಲಿವೆ. ಅಂತಿಮ ಅಧಿಸೂಚನೆ ಹೊರಬಂದಾಗ ಕರಡಿನ ಜೊತೆ ಸಾಲು ಸಾಲಾಗಿ ಹೋಲಿಸಿ, ಬದಲಾಗದೆ ಉಳಿದ ಕಲಮುಗಳ ಬಗ್ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತೇನೆ.