ಸಕ್ಕರೆಯ ಲೆಕ್ಕವನ್ನು ಕಸೂತಿಯಾಗಿ ಹೊಲಿದ ಬಗೆ

ಮಧುಮೇಹ ಪತ್ತೆಯಾದಂದಿನಿಂದ, ಬೆಳಗಿನ ಬರಿಹೊಟ್ಟೆಯ ಮತ್ತು ಊಟವಾಗಿ ಎರಡು ಗಂಟೆಯ ನಂತರದ ಸಕ್ಕರೆ ಪ್ರಮಾಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಉಡುಪಿಯ ನಮ್ಮ ಮನೆಯಲ್ಲಿ ಅಂದು ಉಂಡದ್ದೇನು ಎಂಬುದೂ ಅಂಕಿಗಳ ಪಕ್ಕದಲ್ಲೇ ಸೇರುತ್ತಿತ್ತು: ಕುಚ್ಚಲಕ್ಕಿ ಗಂಜಿ, ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ, ನೀರುದೋಸೆ. ಇದನ್ನು ಎಳೆ ಎಣಿಸಿ ಹೊಲಿಯಬಹುದಾದ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನಲ್ಲಿ (ಗುಣಾಕಾರದ ಹೊಲಿಗೆ) ಹೊಲಿಯಲು ಹೊರಟಾಗ ಮೊದಲು ಬಗೆಹರಿಸಬೇಕಾದದ್ದು ಅಳತೆಯ ಪ್ರಶ್ನೆ: ಎಷ್ಟು ಸಕ್ಕರೆಗೆ ಎಷ್ಟು ಎತ್ತರದ ಕಂಬ ಹೊಲಿಯಬೇಕು?

ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರುಗಳಿಗೆ ಸಂಬಂಧಿಸಿದ 2013ರ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡದ ಪ್ರಕಾರ, ಪ್ರಮಾಣವು ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಾಗ, ನೂರರಲ್ಲಿ 95 ಫಲಿತಾಂಶಗಳು ಪ್ರಯೋಗಾಲಯದ ಅಳತೆಗಿಂತ ಶೇ. 15ರಷ್ಟರೊಳಗೆ ಆಚೀಚೆ ಇದ್ದರೆ ಸಾಕು. ಹೀಗಿರುವಾಗ 121ಕ್ಕೂ 124ಕ್ಕೂ ಬೇರೆ ಬೇರೆ ಎತ್ತರ ಕೊಟ್ಟರೆ, ಯಂತ್ರ ಹೇಳದ ಮಾತನ್ನು ಬಟ್ಟೆಯ ಬಾಯಲ್ಲಿ ಹೇಳಿಸಿದಂತೆ. ಆದ್ದರಿಂದ ಅಂಕಿಯನ್ನು ಹತ್ತಿರದ ಹತ್ತಕ್ಕೆ ಸರಿಹೊಂದಿಸಿ ಹತ್ತು ಮಿಲಿಗ್ರಾಂಗೆ ಒಂದು ಹೊಲಿಗೆ, ದಿನಕ್ಕೆ ಎರಡು ಕಂಬ ಎಂದು ನಿಶ್ಚಯಿಸಿಕೊಂಡೆ.

ಬಣ್ಣದ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿತ್ತು. ಬರಿಹೊಟ್ಟೆಯಲ್ಲಿ ಮಧುಮೇಹದ ಗಡಿಯಾದ 126 ದಾಟಿದ್ದನ್ನೆಲ್ಲ ಕೆಂಪಾಗಿಸುವುದು ವೈದ್ಯರ ಕಡತಕ್ಕೆ ಅಗತ್ಯ. ನನಗೆ ಬೇಕಾಗಿದ್ದದ್ದು ತಟ್ಟೆಯಲ್ಲಿದ್ದ ಆಹಾರದ ಬಣ್ಣ. ಕುಚ್ಚಲಕ್ಕಿಗೆ ಕಂದು, ಬೆಳ್ತಿಗೆಗೆ ಕೆನೆಬಿಳಿ, ಹಬ್ಬದೂಟಕ್ಕೆ ಅರಸಿನ. ಅಷ್ಟಮಿಯ ವಾರವನ್ನೇ ನೋಡಿ: ಬೆಳಗಿನ 108 ಹನ್ನೊಂದು ಹೊಲಿಗೆಯ ಗಿಡ್ಡ ಕಂಬ, ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಂದು ಉಂಡೆ, ಚಕ್ಕುಲಿ ಸೇರಿದ ಊಟದ ನಂತರದ 212 ಅರಸಿನ ನೂಲಿನ ಇಪ್ಪತ್ತೊಂದು ಹೊಲಿಗೆಯಾಗಿ ನೆಟ್ಟಗೆ ನಿಂತಿದೆ. ಪರೀಕ್ಷೆ ಮಾಡದ ಅದರ ಮರುದಿನದ ಜಾಗ ಖಾಲಿ. ಅಲ್ಲಿ ಅಂದಾಜಿನ ಅಂಕಿಯನ್ನು ಹೊಲಿದಿದ್ದರೆ ವಿನ್ಯಾಸ ತುಂಬಿಕೊಳ್ಳುತ್ತಿತ್ತು. ಆದರೆ ಸೊಗಸಿಗಾಗಿ ನಿಯಮ ಸಡಿಲಿಸಿದರೆ ಇಂಥ ಕೆಲಸಕ್ಕೆ ಅರ್ಥವೇ ಉಳಿಯದು ಎಂದು ನಾನು ನಂಬಿದ್ದೇನೆ.

ಮಾಹಿತಿ ವಿನ್ಯಾಸಕಿಯರಾದ ನ್ಯೂಯಾರ್ಕಿನ ಜಾರ್ಜಿಯಾ ಲೂಪಿ ಮತ್ತು ಲಂಡನ್ನಿನ ಸ್ಟೆಫನಿ ಪೊಸಾವೆಕ್ 2014ರಿಂದ ಒಂದು ವರ್ಷ ತಮ್ಮ ನಿತ್ಯಜೀವನದ ದತ್ತಾಂಶವನ್ನು ವಾರವಾರವೂ ಪೋಸ್ಟ್‌ಕಾರ್ಡುಗಳಲ್ಲಿ ಚಿತ್ರಿಸಿ ಪರಸ್ಪರ ಕಳುಹಿಸಿಕೊಂಡಾಗ, ಚಿತ್ರವನ್ನು ಹೇಗೆ ಓದಬೇಕೆಂದು ತಿಳಿಸುವ ಸೂಚಿಯನ್ನು ಹಿಂಬದಿಯಲ್ಲಿ ಬರೆಯುತ್ತಿದ್ದರು. ನಾನೂ ಸೂಚಿಯನ್ನು ಹಿಂದಿನ ಲೈನಿಂಗ್ ಬಟ್ಟೆಯ ಮೇಲೆ ಹೊಲಿದೆ. ಆರೋಗ್ಯದ ಮಾಹಿತಿಯಾದ್ದರಿಂದ ಹೆಸರನ್ನೂ ತಾರೀಕನ್ನೂ ಹಾಕಲಿಲ್ಲ. ತಿರುಗಿಸಿ ಓದಲು ಅನುಕೂಲವಾಗಲೆಂದು ಗಾಜಿನ ಚೌಕಟ್ಟು ಬಿಟ್ಟು ಕೋಲಿಗೆ ತೂಗುಹಾಕಿದ್ದೇನೆ. ಧೂಳು ಕೂರುತ್ತದೆ ನಿಜ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಮುಚ್ಚಿದ ಗಾಜಿನೊಳಗೆ ಬೂಷ್ಟು ಹಿಡಿಯುವುದು ಅದಕ್ಕಿಂತ ಕಷ್ಟ.