ಸ್ವಿಚ್ ಹೊಸದು, ಸುತ್ತಲಿನ ಮರ ಬರಿದು: ಬಣ್ಣ ಹಚ್ಚುವುದು ಹೇಗೆ?

ದಾವಣಗೆರೆಯ ಹಳೇ ಮಣ್ಣಿನ ಗೋಡೆಯ ಮನೆಗಳಲ್ಲಿ ಲೈಟಿನ ಸ್ವಿಚ್ಚು ಎಷ್ಟೋ ಕಡೆ ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಕೂತಿರುತ್ತದೆ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಮರ ಹಿಡಿದುಕೊಳ್ಳುತ್ತದೆ. ಆ ಕರಿ ಗುಂಡು ಸ್ವಿಚ್ ತೆಗೆಸಿ ಹೊಸದು ಹಾಕಿಸಿದಿರಿ ಅನ್ನಿ. ಹಳೇ ಡಬ್ಬಿ ಇದ್ದ ಜಾಗದಲ್ಲಿ ಬರಿ ಮರ, ಸುತ್ತ ದಪ್ಪ ಬಣ್ಣದ ಅಂಚು, ಎರಡು ಸ್ಕ್ರೂ ತೂತು. ಇಷ್ಟಕ್ಕೆ ಪೇಂಟರ್ ಬರುವುದು ಕಷ್ಟ. ನಾವೇ ಮಾಡಿಕೊಳ್ಳಬಹುದು.

ಮೊದಲು ಮೇನ್ ಆಫ್ ಮಾಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಟೆಸ್ಟರ್ ಹಿಡಿದು ನೋಡಿ. ಮಾಡ್ಯುಲರ್ ಸ್ವಿಚ್ ಆದರೆ ಮೇಲಿನ ಪ್ಲೇಟ್ ಮಾತ್ರ ಬಿಚ್ಚಿ, ಒಳಗಿನ ಫ್ರೇಮಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪ್ಲೇಟ್ ಬಿಚ್ಚದೆ ಸುತ್ತ ಬಳಿದರೆ ಬಣ್ಣ ಪ್ಲೇಟು, ಮರ ಎರಡಕ್ಕೂ ಅಂಟಿಕೊಂಡು, ಮುಂದೆ ಬಿಚ್ಚುವಾಗ ಸಿಪ್ಪೆ ಎದ್ದು ಬರುತ್ತದೆ.

ಬಣ್ಣ ನಿಲ್ಲದಿರುವುದಕ್ಕೆ ಮುಖ್ಯ ಕಾರಣ ಜಿಡ್ಡು. ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲೇ ಲೈಟ್ ಹಾಕುವ ಊರು ನಮ್ಮದು, ಅಲ್ವಾ! ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಒಣಗಿದ ಮೇಲೆ ಟರ್ಪೆಂಟೈನ್‌ನಲ್ಲಿ ಇನ್ನೊಮ್ಮೆ ಒರೆಸಿ. ತೇಗದಲ್ಲಿ ಸಹಜವಾಗಿಯೇ ಎಣ್ಣೆ ಇರುವುದರಿಂದ ಅದಕ್ಕಂತೂ ಇದು ಬೇಕೇ ಬೇಕು.

ಇನ್ನು ಉಜ್ಜುವ ಕೆಲಸ. ಮನೆ ಬಣ್ಣದಲ್ಲಿ ಸೀಸ (ಲೆಡ್) 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದೆಂಬ ಕೇಂದ್ರದ ನಿಯಮ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು, ಅದರ ಧೂಳು ಮಕ್ಕಳಿಗೆ ಅಪಾಯ. ಹಾಗಾಗಿ ಒಣ ಉಪ್ಪು ಕಾಗದ ಬೇಡ. ನೀರಿಗೂ ತಡೆಯುವ ಉಪ್ಪು ಕಾಗದ, ಅಂದರೆ ವಾಟರ್ ಪೇಪರ್, 120 ನಂಬರಿನದನ್ನು ಸ್ವಲ್ಪವೇ ಒದ್ದೆ ಮಾಡಿ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ, ಕೆಳಗೆ ಪೇಪರ್ ಹಾಸಿ, ಮಕ್ಕಳನ್ನು ಆಚೆ ಕಳಿಸಿ. ಕಸಬರಿಗೆ ಮುಟ್ಟದೆ ಒದ್ದೆ ಬಟ್ಟೆಯಲ್ಲೇ ಒರೆಸಿ ತೆಗೆಯಿರಿ. ಹಳೇ ಬಣ್ಣದ ಅಂಚು ಇಳಿಜಾರಾಗಬೇಕು. ಕಣ್ಣು ಮುಚ್ಚಿ ಬೆರಳಾಡಿಸಿ, ಮೆಟ್ಟಿಲಿನಂತೆ ತಡೆದರೆ ಇನ್ನೂ ಉಜ್ಜಬೇಕು. ನೀರು ತಾಗಿದ ಮರ ನಾರು ಎಬ್ಬಿಸುತ್ತದೆ. ಒಣಗಿದ ಮೇಲೆ ಬರಿ ಮರವನ್ನಷ್ಟೇ 220 ನಂಬರಿನ ಕಾಗದದಲ್ಲಿ ಹಗುರವಾಗಿ ನಯ ಮಾಡಿ.

ತೂತಿಗೆ ವುಡ್ ಪುಟ್ಟಿ ತುಂಬಿ, ಗೋಡೆಯ ಪುಟ್ಟಿ ಬೇಡ, ಅದು ಮರದ ಮೇಲೆ ಬಿರುಕು ಬಿಡುತ್ತದೆ. ಆಮೇಲೆ ಬರಿ ಮರಕ್ಕೆ ಒಂದು ಕೋಟು ವುಡ್ ಪ್ರೈಮರ್ ಹಚ್ಚಿ ರಾತ್ರಿಯೆಲ್ಲ ಬಿಡಿ. ಪ್ರೈಮರ್ ಇಲ್ಲದಿದ್ದರೆ ಮರ ಬಣ್ಣ ಕುಡಿದು ಅಷ್ಟು ಜಾಗ ಮಂಕಾಗುತ್ತದೆ.

ಬಣ್ಣ ಹೊಂದಿಸಲು ಉಗುರಿನಷ್ಟು ಹಳೇ ಸಿಪ್ಪೆ ಅಂಗಡಿಗೆ ಒಯ್ದರೆ ಹತ್ತಿರದ ಶೇಡ್ ಮಾಡಿಕೊಡುತ್ತಾರೆ. ಆದರೂ ಹಳೇ ಬಿಳಿ ಆಯಿಲ್ ಪೇಂಟ್ ಹಳದಿಗೆ ತಿರುಗಿರುತ್ತದೆ, ತೇಪೆ ಹಾಕಿದರೆ ಕಂಡೇ ಕಾಣುತ್ತದೆ. ಸ್ವಿಚ್ ಸುತ್ತ ಮಾತ್ರ ಬಳಿಯುವುದು ಸುಮ್ನೆ ದಂಡ. ಚೌಕಟ್ಟಿನ ಒಂದು ಪಟ್ಟಿಯಲ್ಲಿ ಸ್ವಿಚ್ ಇದ್ದರೆ ಆ ಪಟ್ಟಿಯ ಹಳೇ ಹೊಳಪನ್ನೂ ಉಜ್ಜಿ ಮುರಿದು, ಜೋಡಣೆಯ ಗೆರೆಯವರೆಗೆ ಪೂರ್ತಿ ಬಳಿಯಿರಿ. ಶೇಡಿನ ವ್ಯತ್ಯಾಸ ಆ ಗೆರೆಯಲ್ಲಿ ಮುಚ್ಚಿಹೋಗುತ್ತದೆ.

ಎರಡು ತೆಳು ಕೋಟು ಸಾಕು, ನಡುವೆ ಒಂದು ರಾತ್ರಿ ಬಿಡಿ. ನಮ್ಮೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಬಳಿದರೆ ಬ್ರಷ್ಷಿನ ಗೆರೆ ಹಾಗೇ ಒಣಗುತ್ತದೆ, ಬೆಳಿಗ್ಗೆಯೇ ಮುಗಿಸಿ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಮೆತ್ತಗಿರುತ್ತದೆ. ಪ್ಲೇಟ್ ಕೂರಿಸಲು ಎರಡು ದಿನ ಕಾಯಿರಿ, ಸ್ಕ್ರೂವನ್ನು ತೀರಾ ಬಿಗಿಯಬೇಡಿ.